ಹಂಡೆಯಲ್ಲಿಟ್ಟ ಆಲಿವ್ ಗಿಡ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಆ ಕರೆ ನನ್ನ ಫೋನಿನಲ್ಲಿ ಇನ್ನೂ ಹಾಗೆಯೇ ಇದೆ, ಅಳಿಸಿಲ್ಲ. ಎರಡು ನಿಮಿಷವೂ ತುಂಬದ ಮಾತು.

ನಾನು ಮುಧೋಳದ ಒಂದು ಕಚೇರಿಯ ಮೆಟ್ಟಿಲ ಮೇಲೆ ಕುಂಡದ ಗಿಡಗಳ ಎಲೆ ಒರೆಸುತ್ತಿದ್ದೆ. ಜಮಖಂಡಿಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಸುತ್ತಲಿನ ಊರುಗಳ ಅಂಗಡಿ, ಕಚೇರಿ, ಮನೆಗಳ ಒಳಗಿಟ್ಟ ಗಿಡಗಳನ್ನು ನೋಡಿಕೊಳ್ಳುವುದೂ ನನ್ನ ಕೆಲಸವೇ. ಫೋನ್ ಮಾಡಿದವರು ಬನಹಟ್ಟಿಯ ಒಂದು ನೇಕಾರ ಮನೆಯ ಸೊಸೆ. ಅವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ.

"ಮೇಡಂ, ಆಲಿವ್ ಗಿಡದ್ದು ಫೋಟೋ ಕಳಿಸೇನಿ ನೋಡ್ರಿ. ಎಲಿ ಎಲ್ಲಾ ಹಳದಿ ಆಗಿ ಉದರಾಕತ್ತಾವು. ನೀರಂತೂ ದಿನಾ ಹಾಕತೇವ್ರಿ, ಏನೂ ಕಡಿಮಿ ಮಾಡಿಲ್ಲ."

ಒದ್ದೆ ಕೈಯಲ್ಲೇ ಫೋಟೋ ತೆರೆದೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣಲಿಲ್ಲ. ನೆರಳಿಗೆ ಹೋಗಿ ನೋಡಬಹುದಿತ್ತು, ಹೋಗಲಿಲ್ಲ.

"ಬೇರಿಗೆ ಏನರ ಆಗಿರಬೇಕ್ರಿ. ಮಣ್ಣಾಗ ಹುಳ ಬಿದ್ದಿರಬಹುದು. ಗುರುವಾರ ಬಂದು ನೋಡತೇನಿ" ಎಂದೆ.

"ಹುಳಾನ? ಹಂಗಾರ ಆತು ಬಿಡ್ರಿ" ಎಂದು ಅವರು ಫೋನ್ ಇಟ್ಟರು.

ದಿನಾ ನೀರು ಹಾಕುತ್ತೇವೆ ಎಂದು ಅವರು ಹೇಳಿದ್ದರಲ್ಲೇ ಗಿಡದ ರೋಗ ಇತ್ತು. ಅದು ನನ್ನ ಕಿವಿಗೆ ಬೀಳಲಿಲ್ಲ. ಇನ್ನೊಂದನ್ನೂ ನಾನು ಮರೆತೆ. ನಮ್ಮದು ಕಬ್ಬಿನ ಸೀಮೆ. ಇಲ್ಲಿ ಯಾರ ಮುಂದಾದರೂ ಬೇರಿಗೆ ಹುಳ ಬಿದ್ದಿದೆ ಎಂದರೆ ಎರಡನೆಯ ಪ್ರಶ್ನೆ ಬರುವುದಿಲ್ಲ. ಗೊಣ್ಣೆ ಹುಳಕ್ಕೆ ಹರಳು ಔಷಧ. ಸಾಲಿಗೆ ಉದುರಿಸಬೇಕು, ಮಣ್ಣು ಮುಚ್ಚಬೇಕು, ನೀರು ಬಿಡಬೇಕು. ನಾಲ್ಕು ವರ್ಷ ತೋಟಗಾರಿಕೆ ಓದಿದ ನಾನು "ಇರಬಹುದು" ಎಂದಿದ್ದೆ. ಆ ಮಾತು ಬನಹಟ್ಟಿ ಮುಟ್ಟುವಷ್ಟರಲ್ಲಿ "ಐತಿ" ಆಗಿತ್ತು.

ಆ ಗಿಡ ಆ ಮನೆಗೆ ಬಂದು ಮೂರು ತಿಂಗಳಾಗಿತ್ತು. ಮನೆಯ ಹಿಂದೆ ಪವರ್‌ಲೂಮ್‌ಗಳು. ಮುಂದಿನ ಖೋಲಿಯನ್ನು ವೈನಿಯ ಗಂಡ, ಅಂದರೆ ಮಾಲಕರು, ಸೀರೆ ತೋರಿಸುವ ಜಾಗವಾಗಿ ಮಾಡಿದ್ದರು. ಕಿಟಕಿಗಳಿಗೆ ಗಾಜು ಕೂರಿಸಿ ಏಸಿ ಹಾಕಿಸಿದ್ದರು. ಪುಣೆಯ ಯಾವುದೋ ಅಂಗಡಿಯಲ್ಲಿ ನೋಡಿದ್ದರಂತೆ, ಎದೆಯೆತ್ತರದ ಆಲಿವ್ ಗಿಡವನ್ನು ತರಿಸಿ ಮೂಲೆಯಲ್ಲಿ ಇರಿಸಿದರು. ಪ್ಲಾಸ್ಟಿಕ್ ಕುಂಡ ಚಂದ ಕಾಣುವುದಿಲ್ಲವೆಂದು ಅದನ್ನು ಹಳೆಯ ತಾಮ್ರದ ಹಂಡೆಯೊಳಗೆ ಇಳಿಸಿದರು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಂಡೆ ಥಳಥಳ ಹೊಳೆಯುತ್ತಿತ್ತು. ಮೊದಲ ಸಲ ನೋಡಿದಾಗ ಚೆಲುವಾಗಿದೆ ಎಂದು ನಾನೂ ಹೇಳಿದ್ದೆ. ಹಂಡೆಗೆ ತಳದಲ್ಲಿ ತೂತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಹಂಡೆ ಆಯಿಯದು, ಮಾಲಕರ ತಾಯಿಯದು. ಖೋಲಿಯೂ ಮೊದಲು ಅವರದೇ. ಸೀರೆಯ ಕಪಾಟು ಬಂದರೂ ಅವರ ಮಂಚ ಅಲ್ಲಿಂದ ಕದಲಲಿಲ್ಲ. ಹಗಲು ಆ ಗಿಡದ ಪಕ್ಕದಲ್ಲೇ ಕೂತು ರಾಟೆಯಲ್ಲಿ ಕಂಡಿಕೆಗೆ, ಮಗ್ಗದ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದರು. ಯಾರೂ ಕೇಳದಿದ್ದರೂ ಸುತ್ತುತ್ತಿದ್ದರು.

"ಹೂವಿಲ್ಲ, ಹಣ್ಣಿಲ್ಲ, ನೆರಳಿಲ್ಲ" ಎಂದು ನನ್ನ ಮುಂದೆ ಗಿಡವನ್ನು ಬೈದಿದ್ದರು. "ಮನಿ ಅಳಿಯ ಇದ್ದಂಗ ಐತಿ ನೋಡು ಬೇ. ಏಸಿ ಹಚ್ಚಿಸ್ಕೊಂಡು ಸುಮ್ನ ನಿಂತಿರತೈತಿ." ಬೈದರೂ ದಿನಾ ತಂಬಿಗೆ ತಂಬಿಗೆ ನೀರು ಹಾಕುತ್ತಿದ್ದವರು ಅವರೇ.

ಬುಧವಾರ ನನಗೆ ಮಹಾಲಿಂಗಪುರದ ಒಂದು ಮನೆಯಲ್ಲಿ ಕೆಲಸವಿತ್ತು. ಹೋದರೆ ಆ ಮನೆಗೆ ಬೀಗ. ಬಸ್ ಸ್ಟ್ಯಾಂಡಿಗೆ ವಾಪಸು ಬಂದು ನಿಂತಾಗ ಎದುರಿಗೆ ಬನಹಟ್ಟಿ ಬಸ್ ಬಂತು. ಹೇಗೂ ನಾಳೆ ಹೋಗಬೇಕಲ್ಲ, ಇವತ್ತೇ ಮುಗಿಸೋಣ ಎಂದು ಹತ್ತಿದೆ. ಅಷ್ಟೇ. ಅದರ ಹಿಂದೆ ಬೇರೆ ಯಾವ ಯೋಚನೆಯೂ ಇರಲಿಲ್ಲ. ಮಹಾಲಿಂಗಪುರದ ಮನೆಗೆ ಬೀಗ ಇರದಿದ್ದರೆ, ಜಮಖಂಡಿ ಬಸ್ ಮೊದಲು ಬಂದಿದ್ದರೆ ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಪ್ರತಿ ಸಲವೂ ಲೆಕ್ಕ ಒಂದೇ ಕಡೆ ಹೋಗಿ ನಿಲ್ಲುತ್ತದೆ.

ಮಧ್ಯಾಹ್ನ ಒಂದೂಕಾಲಿಗೆ ವೈನಿಯ ಮನೆ ತಲುಪಿದೆ. ಹಿಂದೆ ಲೂಮ್‌ಗಳ ಸದ್ದು. ಆ ಸದ್ದಿನಲ್ಲಿ ಪಕ್ಕದ ಖೋಲಿಯಲ್ಲಿ ಯಾರಾದರೂ ಕೂಗಿದರೂ ಕೇಳಿಸುವುದಿಲ್ಲ. ವೈನಿ ಅಡುಗೆಮನೆಯಲ್ಲಿ ನಿಂಬೆಹಣ್ಣು ಹಿಂಡುತ್ತಿದ್ದರು.

"ಛಲೋ ಆತು ಬಂದ್ರಿ. ಆಯಿ ಒಳಗ ಮಲಗ್ಯಾರ. ತಲಿ ತಿರಗತೈತಿ, ಹೊಟ್ಟಿ ತೊಳಸತೈತಿ ಅನ್ನಾಕತ್ತಾರ. ಪಿತ್ತ ಆಗಿರಬೇಕ್ರಿ, ಶರಬತ್ ಮಾಡಾಕತ್ತೇನಿ."

ಖೋಲಿಯ ಬಾಗಿಲು ತಳ್ಳಿದೆ. ತಣ್ಣನೆಯ ಗಾಳಿಯ ಜೊತೆಗೆ ಒಂದು ವಾಸನೆ ಮುಖಕ್ಕೆ ಬಡಿಯಿತು. ಕೊಳೆತ ಬೆಳ್ಳುಳ್ಳಿಯ ವಾಸನೆ. ಕಾಲೇಜಿನಲ್ಲಿ ಕೀಟನಾಶಕದ ಪಾಠ ಮಾಡುವಾಗ ಮೇಷ್ಟ್ರು ಮುಚ್ಚಳ ಬಿಗಿದ ಬಾಟಲಿಯನ್ನು ದೂರದಿಂದಲೇ ತೋರಿಸಿದ್ದರು. ಆದರೂ ಈ ವಾಸನೆ ಬಂದಿತ್ತು. ನಾನು ಹೊಸ್ತಿಲ ಮೇಲೇ ನಿಂತುಬಿಟ್ಟೆ.

ಆಯಿ ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದರು. ಅಷ್ಟು ತಂಪಿನಲ್ಲೂ ಕುಪ್ಪಸ ಬೆವರಿನಿಂದ ತೊಯ್ದಿತ್ತು. ಬಾಯಿಂದ ಜೊಲ್ಲು ಸುರಿದು ದಿಂಬು ಒದ್ದೆಯಾಗಿತ್ತು. ಕಣ್ಣಿನ ಕೆಳಗಿನ ಚರ್ಮ ತಾನಾಗಿ ಅದುರುತ್ತಿತ್ತು. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಕಪ್ಪು ಚುಕ್ಕೆ ಸೂಜಿಯ ಮೊನೆಯಷ್ಟಾಗಿತ್ತು.

"ವೈನಿ, ಗಿಡಕ್ಕ ಏನ್ ಹಾಕೀರಿ?"

"ನೀವ ಹೇಳಿದ್ರಿ ಅಲ್ರಿ, ಹುಳ ಅಂತ. ನಮ್ಮ ತಮ್ಮ ನಿನ್ನಿ ಸಂಜಿ ಚಿಮ್ಮಡದಿಂದ ಹರಳು ಔಷಧ ತಂದು ಕೊಟ್ಟ. ಮುಂಜಾನಿ ಆಯಿನ ಮಣ್ಣು ಕೆದರಿ ಹಾಕಿದ್ರು."

"ಕೈಲೇನ?"

"ಅವರು ಎಲ್ಲಾ ಕೈಲೇ ಮಾಡ್ತಾರ್ರಿ. ಆಮ್ಯಾಲೆ ಕೈ ತೊಳಕೊಂಡ್ರು."

ಮಂಚದ ಮೇಲೆ ತಂಬಾಕಿನ ಚೀಲ ಬಿಚ್ಚಿಯೇ ಇತ್ತು. ಆಯಿಯ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಮಣ್ಣು. ಬರೀ ನೀರಿನಲ್ಲಿ ತೊಳೆದ ಕೈ. ಅದೇ ಹೆಬ್ಬೆರಳಿನಿಂದ ಎಡ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಂಡಿದ್ದರು. ಕಣ್ಣ ಮುಂದೆಯೇ ನಡೆದ ಹಾಗೆ ಎಲ್ಲವೂ ನನಗೆ ಕಂಡಿತು. ಆಮೇಲೆ ಬಾಗಿಲು ಹಾಕಿಕೊಂಡು, ಏಸಿ ಹಚ್ಚಿಕೊಂಡು, ಹಂಡೆಯಿಂದ ಒಂದು ಮೊಳ ದೂರದಲ್ಲಿ ಮಲಗಿದ್ದರು.

ಏಸಿ ಆರಿಸಿದೆ. ಹಿಂದಕ್ಕೆ ಓಡಿ ನೇಯುತ್ತಿದ್ದ ಇಬ್ಬರನ್ನು ಕರೆದೆ. ಲೂಮ್‌ಗಳು ನಿಂತವು. ಆ ಓಣಿಯಲ್ಲಿ ಹಗಲು ಹೊತ್ತು ಒಂದು ಮನೆಯ ಲೂಮ್ ಏಕಾಏಕಿ ನಿಂತರೆ ಏನೋ ಆಗಿದೆ ಎಂದೇ ಅರ್ಥ. ಮಂಚ ಹೊತ್ತು ಅಂಗಳಕ್ಕೆ ತರುವಷ್ಟರಲ್ಲಿ ಹತ್ತು ಜನ ಸೇರಿದ್ದರು.

"ಮಜ್ಜಿಗಿ ಕುಡಸ್ರಿ ಮದಲ."

"ಮಜ್ಜಿಗಿ ಏನ್ ಮಾಡತೈತಿ? ಹುಣಸಿ ನೀರು ಕುಡಿಸಿ ಕಾರಸ್ರಿ."

"ಬಾಯಾಗ ಏನೂ ಹಾಕಬ್ಯಾಡ್ರಿ!" ನಾನು ಕಿರುಚಿದೆ. ಅಂಥ ದನಿ ನನ್ನಲ್ಲಿ ಇದೆ ಎಂದು ನನಗೇ ಗೊತ್ತಿರಲಿಲ್ಲ. "ಗಾಡಿ ತರಸ್ರಿ. ಸಾಬಾಣ ಕೊಡ್ರಿ. ನೀರು, ಬಾಳ ನೀರು ಬೇಕು."

ವೈನಿ ಒಳಗೆ ಹೋಗಿ ಕಪಾಟಿನಿಂದ ಎರಡು ಹೊಸ ಸೀರೆ ಎಳೆದುಕೊಂಡು ಬಂದರು. ನಾಲ್ವರು ಹೆಂಗಸರು ಅವನ್ನು ಬಿಚ್ಚಿ ಸುತ್ತಲೂ ಪರದೆಯಂತೆ ಹಿಡಿದರು. ಕೈಗೆ ಹಾಕಿಕೊಳ್ಳಲು ರಬ್ಬರ್ ಕೈಗವಸು ಇರಲಿಲ್ಲ. ಸೀರೆ ತುಂಬುವ ಪ್ಲಾಸ್ಟಿಕ್ ಕವರುಗಳನ್ನೇ ನಾನೂ ವೈನಿಯೂ ಮೊಣಕೈವರೆಗೆ ಏರಿಸಿ ಮಣಿಕಟ್ಟಿನಲ್ಲಿ ನೂಲು ಸುತ್ತಿಕೊಂಡೆವು. ಆಯಿಯ ಬಟ್ಟೆ ತೆಗೆದು, ಸಾಬೂನು ಹಚ್ಚಿ, ಕೊಡಗಟ್ಟಲೆ ನೀರು ಸುರಿದೆವು. ಕೂದಲು, ಕಿವಿಯ ಹಿಂಬದಿ, ಉಗುರಿನ ಸಂದು. ತೊಳೆಯುತ್ತಿದ್ದಾಗ ಅವರ ಎದೆಯೊಳಗೆ ಗೊರಗೊರ ಸದ್ದು ಕೇಳುತ್ತಿತ್ತು. ಮಗ್ಗುಲಾಗಿಯೇ ಹಿಡಿದುಕೊಂಡಿದ್ದೆವು. ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿದರು. ಗುರುತು ಹಿಡಿಯಲಿಲ್ಲ.

ಊರಿನ ದವಾಖಾನೆಯಲ್ಲಿ ಮೊದಲ ಇಂಜೆಕ್ಷನ್ ಕೊಟ್ಟು ಅಂಬುಲೆನ್ಸಿನಲ್ಲಿ ಜಮಖಂಡಿಗೆ ಕಳುಹಿಸಿದರು. ದಾರಿಯಲ್ಲಿ ವೈನಿಯ ತಮ್ಮ ಔಷಧದ ಡಬ್ಬಿಯ ಫೋಟೋ ಕಳಿಸಿದ. ಅದರ ಮಾರಾಟ ನಿಂತು ವರ್ಷಗಳಾಗಿವೆ. ಆದರೂ ತೋಟದ ಮನೆಗಳ ಅಟ್ಟದಲ್ಲಿ ಇಂಥ ಹಳೆಯ ಡಬ್ಬಿಗಳು ಇನ್ನೂ ಉಳಿದಿವೆ. ಚೀಟಿ ಅರ್ಧ ಹರಿದಿತ್ತು. ಉಳಿದ ಅರ್ಧದಲ್ಲಿ ಹೆಸರೂ ಕಡುವಿಷದ ಗುರುತಾದ ಕೆಂಪು ತ್ರಿಕೋನವೂ ಇದ್ದವು. ವೈದ್ಯರಿಗೆ ಅಷ್ಟು ಸಾಕಾಯಿತು.

ಸಂಜೆ ಅವರು ಹೊರಗೆ ಬಂದು ಹೇಳಿದರು: "ಇನ್ನೊಂದು ತಾಸು ಆ ಖೋಲ್ಯಾಗ ಇದ್ದಿದ್ರ ನನ್ನ ಕೈಯಾಗ ಏನೂ ಇರತಿರಲಿಲ್ಲ. ಈಗರ ಪಾರಾದ್ರು ಅಂತ ತಿಳಕೋಬ್ಯಾಡ್ರಿ. ಮೂರು ನಾಲ್ಕು ದಿನ ಕುತ್ತಿಗಿ ನೋಡಕೋತ ಇರ್ರಿ. ದಿಂಬಿನ ಮ್ಯಾಲಿಂದ ತಲಿ ಎತ್ತಾಕ ಬರಲಿಲ್ಲ ಅಂದ್ರ ಕೂಡಲೇ ಕರೀರಿ."

ಸೋಲಾಪುರಕ್ಕೆ ನೂಲು ತರಲು ಹೋಗಿದ್ದ ಮಾಲಕರು ಅಷ್ಟೊತ್ತಿಗೆ ಬಂದರು. ವೈನಿಯ ತಮ್ಮ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಚಿಮ್ಮಡದಿಂದ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಇಪ್ಪತ್ತೈದು ವರ್ಷ ಕಬ್ಬು ಬೆಳೆದ ಮನುಷ್ಯ. ಭಾವನನ್ನು ಕಂಡು ಎದ್ದು ನಿಂತ.

"ನಮ್ಮ ಮನಿ ನಿನ್ನ ಕಬ್ಬಿನ ಹೊಲ ಅನ್ಕೊಂಡಿ ಏನಲೇ?" ಎಂದು ಮಾಲಕರು ಅವನ ಎದುರು ನಿಂತರು. "ನಮ್ಮವ್ವ ಉಳದ್ರ ಉಳೀಲಿ, ಇಲ್ಲಂದ್ರ ಇಲ್ಲ. ನೀ ಮಾತ್ರ ಇನ್ನ ಮ್ಯಾಲೆ ನಮ್ಮ ಹೊಸ್ತಿಲಾ ತುಳೀಬ್ಯಾಡ."

ಅವನು ಚೀಲ ಕೆಳಗಿಟ್ಟು ಮತ್ತೆ ಮೆಟ್ಟಿಲ ಮೇಲೆ ಕೂತ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ವೈನಿ ಒಮ್ಮೆ ನನ್ನ ಕಡೆ ನೋಡಿದರು. ಹುಳ ಎಂದು ಹೇಳಿದವರು ಯಾರು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹುಳ ಇದ್ದರೂ ಇರಬಹುದಲ್ಲ ಎಂದು ಮನಸ್ಸಿನೊಳಗೆ ಒಂದು ಹುಲ್ಲುಕಡ್ಡಿ ಹಿಡಿದುಕೊಂಡು ಮನೆಗೆ ಹೋದೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆಯಿ ಮಾತಾಡುತ್ತಿದ್ದರು. ತಂಬಾಕು ಬೇಕೆಂದು ಕೇಳಿದ್ದರು. ಎಲ್ಲರೂ ನಕ್ಕಿದ್ದೆವು. ಮೂರು ಗಂಟೆಗೆ ವೈನಿ ಎಂದಿನಂತೆ, "ಆಯಿ, ತಲಿ ಎತ್ತರಿ" ಎಂದರು. ಆಯಿ ಎತ್ತಲು ನೋಡಿದರು. ಗದ್ದ ಒಂದಿಷ್ಟು ಅಲುಗಿತು, ಅಷ್ಟೇ. "ಎತ್ತೇನಿ ಅಲಾ" ಎಂದರು ಸಣ್ಣ ದನಿಯಲ್ಲಿ. ಎತ್ತಿದ್ದೇನೆಂದೇ ಅವರು ತಿಳಿದಿದ್ದರು. ತಲೆ ದಿಂಬಿನ ಮೇಲೆಯೇ ಇತ್ತು. ಅರ್ಧ ಗಂಟೆಯಲ್ಲಿ ಉಸಿರಾಟ ಕುಸಿಯಿತು, ಗಂಟಲಿಗೆ ನಳಿಗೆ ಇಳಿಸಿ ಯಂತ್ರಕ್ಕೆ ಜೋಡಿಸಿದರು.

ಮಾಲಕರು ಗೋಡೆಗೆ ಒರಗಿ, "ಆ ಗಿಡಾ ಮದಲ ಸುಟ್ಟು ಹಾಕ್ರಿ ಯಾರರ" ಎಂದರು.

"ಸುಡಬಾರದ್ರಿ. ಹೊಗಿನೂ ವಿಷಾನ. ಹಳ್ಳಕ್ಕ ಚೆಲ್ಲಿದ್ರ ದನ ನೀರು ಕುಡೀತಾವು" ಎಂದೆ. "ಅದನ್ನ ನನಗ ಬಿಡ್ರಿ."

ಶನಿವಾರ ಬೆಳಿಗ್ಗೆ ಒಬ್ಬಳೇ ಹೋದೆ. ಮೂರು ದಿನದಿಂದ ಆ ಖೋಲಿಯ ಬಾಗಿಲು ಕಿಟಕಿ ತೆರೆದೇ ಇದ್ದವು. ಗಾಜಿನ ಕಿಟಕಿಗಳ ಸ್ಕ್ರೂ ಬಿಚ್ಚಿಸಿ ತೆಗೆಸಿದ್ದೆ. ಪರಿಚಯದ ಕೃಷಿ ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳಿದ ಹಾಗೆ ಉದ್ದ ತೋಳಿನ ಅಂಗಿ, ದಪ್ಪ ರಬ್ಬರ್ ಕೈಗವಸು, ಕನ್ನಡಕ, ಮೂಗಿಗೆ ಸರಿಯಾದ ಮುಖವಾಡ, ಕಾಲಿಗೆ ಬೂಟು ಹಾಕಿಕೊಂಡಿದ್ದೆ. ದೂಳು ಏಳದಂತೆ ಮೇಲ್ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ, ಹಂಡೆಯನ್ನು ಹಿತ್ತಲಿಗೆ ಜಾರಿಸಿಕೊಂಡು ಹೋಗಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆ.

ಮೊದಲು ಚಮಚದಿಂದ ಮೇಲಿನ ನಾಲ್ಕು ಬೆರಳು ಮಣ್ಣನ್ನು ತೆಗೆದು ಎರಡು ಚೀಲದೊಳಗೆ ಹಾಕಿ ಕಟ್ಟಿದೆ. ಹರಳುಗಳು ಇನ್ನೂ ಕಾಣುತ್ತಿದ್ದವು. ಆಮೇಲೆ ಪ್ಲಾಸ್ಟಿಕ್ ಕುಂಡವನ್ನು ಹಂಡೆಯಿಂದ ಮೇಲೆತ್ತಿದೆ.

ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಕೆಸರಿನಿಂದ ಕಾಲು ಕಿತ್ತ ಹಾಗೆ ಸದ್ದಾಯಿತು. ಹಂಡೆಯ ತಳದಲ್ಲಿ ಗೇಣು ಆಳದ ಕಪ್ಪು ನೀರು ನಿಂತಿತ್ತು. ಮೂರು ತಿಂಗಳು ಹಾಕಿದ ನೀರು ಹೋಗಲು ದಾರಿಯಿಲ್ಲದೆ ಅಲ್ಲೇ ಉಳಿದಿತ್ತು. ಆಲಿವ್‌ಗೆ ಬೇಕಾದದ್ದು ಬಿಸಿಲು, ಗಾಳಿ, ಒಣ ನೆಲ. ನಾವು ಅದನ್ನು ಬಾವಿಯಲ್ಲಿ ನಿಲ್ಲಿಸಿದ್ದೆವು. ಬೇರುಗಳನ್ನು ಬೆರಳಿನಿಂದ ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂದು, ಒಳಗಿನ ನಾರಿನ ಎಳೆ ಮಾತ್ರ ಉಳಿಯುತ್ತಿತ್ತು.

ಇಷ್ಟಾದರೂ ಆ ಹುಲ್ಲುಕಡ್ಡಿಯನ್ನು ನಾನು ಬಿಟ್ಟಿರಲಿಲ್ಲ. ಉಳಿದ ಮಣ್ಣನ್ನು ಹಾಳೆಯ ಮೇಲೆ ತೆಳ್ಳಗೆ ಹರಡಿ ಹುಳ ಹುಡುಕಿದೆ. ಹಿಡಿ ಹಿಡಿಯಾಗಿ ಒಡೆದು ನೋಡಿದೆ. ಸತ್ತ ಹುಳವಾದರೂ ಇರಬೇಕಲ್ಲ, ತಲೆಯ ಚಿಪ್ಪಾದರೂ, ಕೊರೆದ ಗುರುತಾದರೂ. ಬಿಸಿಲೇರಿ ಕನ್ನಡಕದೊಳಗೆ ಬೆವರು ತುಂಬಿ ಕಣ್ಣು ಉರಿಯತೊಡಗಿತು. ಒಂದು ಗಂಟೆ ಹುಡುಕಿದೆ.

ಒಂದು ಹುಳವೂ ಇರಲಿಲ್ಲ.

ಆ ಹೊತ್ತಿಗೆ ಜಮಖಂಡಿಯಲ್ಲಿ ಒಂದು ಯಂತ್ರ ಆಯಿಯ ಎದೆಗೆ ಗಾಳಿ ತುಂಬುತ್ತಿತ್ತು, ಇಲ್ಲದ ಹುಳದ ಸಲುವಾಗಿ.

ಕೆಲಸ ಅರ್ಧಕ್ಕೆ ಬಿಡುವಂತಿರಲಿಲ್ಲ. ಮಣ್ಣು, ಬೇರು ಅದ್ದಿ ತೊಳೆದ ನೀರು, ಹಂಡೆಯ ಕಪ್ಪು ನೀರು, ಕೈಗವಸು, ಹಾಳೆ, ಎಲ್ಲವನ್ನೂ ಡ್ರಮ್ಮಿಗೆ ಹಾಕಿ ಮುಚ್ಚಳ ಬಿಗಿದು, ಮೇಲೆ "ವಿಷ" ಎಂದು ದಪ್ಪಕ್ಷರದಲ್ಲಿ ಬರೆದು, ಕೀಲಿಯಿರುವ ಕಡೆ ಇಡಿಸಿದೆ. ಅದನ್ನು ಒಯ್ಯುವ ಏರ್ಪಾಡನ್ನು ಆ ಅಧಿಕಾರಿಯೇ ಮಾಡಿದರು. ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಬಿಗಿದು ನನ್ನ ನರ್ಸರಿಗೆ ಕಳುಹಿಸಿದೆ. ಮಿಂದು, ಬಟ್ಟೆ ಬದಲಿಸಿ, ನೇರ ಆಸ್ಪತ್ರೆಗೆ ಹೋದೆ.

ಮಾಲಕರು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ವೈನಿಯ ತಮ್ಮ ಇನ್ನೂ ಮೆಟ್ಟಿಲ ಮೇಲೆಯೇ ಇದ್ದ. ಮೂರು ದಿನವಾದರೂ ಊರಿಗೆ ಹೋಗಿರಲಿಲ್ಲ, ಯಾರೂ ಅವನನ್ನು ಒಳಗೆ ಕರೆದೂ ಇರಲಿಲ್ಲ.

"ಗಿಡಾ ಬಿಚ್ಚಿ ನೋಡಿದೆ. ಹುಳ ಇರಲಿಲ್ರಿ" ಎಂದೆ. "ನೀರು ನಿಂತು ಬೇರು ಕೊಳತಿದ್ದವು. ಹುಳ ಇರಬಹುದು ಅಂತ ಫೋನಿನ್ಯಾಗ ಹೇಳಿದಾಕಿ ನಾನು. ನೋಡದ ಹೇಳಿದೆ. ಅವರು ನನ್ನ ಮಾತು ಕೇಳಿ ಔಷಧ ತಂದಾರ."

ಮಾಲಕರು ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಬಾಗಿಲವರೆಗೆ ಹೋಗಿ, ಮೆಟ್ಟಿಲ ಕಡೆ ಮುಖ ಮಾಡದೆಯೇ, "ಒಳಗ ಬಾ. ಚಾ ಕುಡದಿಲ್ಲ ನೀನು" ಎಂದರು. ಅವರು ನನ್ನ ಜೊತೆ ಮತ್ತೆ ಮಾತಾಡಿದ್ದು ಹನ್ನೊಂದು ದಿನದ ಮೇಲೆ.

ನರ್ಸರಿಯಲ್ಲಿ ಗಿಡವನ್ನು ಗಿರಾಕಿಗಳೂ ಮೇಕೆಗಳೂ ಬಾರದ ಹಿಂದಿನ ಮೂಲೆಯಲ್ಲಿ ಬಲೆ ಕಟ್ಟಿ ಇರಿಸಿದೆ. ಆ ವಿಷವನ್ನು ಬೇರು ಒಳಗೂ ಎಳೆದುಕೊಂಡಿರುತ್ತದೆ, ಎಲೆಯನ್ನು ಯಾರೂ ಮುಟ್ಟಬಾರದು. ಕೊಳೆತ ಬೇರನ್ನೆಲ್ಲ ಗಟ್ಟಿ ಬಿಳಿ ಭಾಗ ಸಿಗುವವರೆಗೆ ಕತ್ತರಿಸಿದೆ. ಉಳಿದದ್ದು ಒಂದು ಮುಷ್ಟಿ. ಅಷ್ಟು ಬೇರು ಅಷ್ಟು ದೊಡ್ಡ ತಲೆಯನ್ನು ಸಾಕಲಾರದು. ಕೊಂಬೆಗಳನ್ನು ಮೂರನೇ ಎರಡು ಭಾಗ ಕಡಿದೆ. ಬೀಳಗಿ ಕಡೆಯಿಂದ ತರಿಸಿದ ಗರಸು, ಒರಟು ಉಸುಕು, ಇಟ್ಟಿಗೆ ಚೂರು, ಸ್ವಲ್ಪವೇ ಮಣ್ಣು ಬೆರೆಸಿ, ತಳಕ್ಕೆ ದೊಡ್ಡ ತೂತಿರುವ ಮಣ್ಣಿನ ಕುಂಡದಲ್ಲಿ ನೆಟ್ಟೆ. ಒಮ್ಮೆ ನೀರು ಹಾಕಿದೆ. ನೀರು ತಳದಿಂದ ಹೊರಗೆ ಓಡಿ ಬರುವುದನ್ನು ಕೂತು ನೋಡಿದೆ.

ಎಂಟು ದಿನದಲ್ಲಿ ಉಳಿದ ಎಲೆಗಳೂ ಉದುರಿದವು. ಒಂದು ಕೊಂಬೆ ತುದಿಯಿಂದ ಕಪ್ಪಾಗುತ್ತ ಕೆಳಗಿಳಿಯಿತು. ಕಪ್ಪು ಇಳಿದಷ್ಟು ಕತ್ತರಿಸುತ್ತ ಹೋದೆ. ದಿನ ಬಿಟ್ಟು ದಿನ ಕೈಗವಸು ತೊಟ್ಟು ಚಾಕುವಿನಿಂದ ತೊಗಟೆ ಕೆರೆದು ನೋಡುತ್ತಿದ್ದೆ. ಮೇಲೆ ಕಂದು, ನಡುವೆ ಕಂದು, ನೆಲದಿಂದ ಒಂದು ಗೇಣಿನವರೆಗೆ ಮಾತ್ರ ತೆಳು ಹಸಿರು. ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಏನೂ ಮಾಡದೆ ಇರುವುದು. ಒಣಗಿದ ಗಿಡ ಕಂಡರೆ ನೀರು ಹಾಕಬೇಕೆಂದು ಕೈ ತುಡಿಯುತ್ತದೆ. ಕೈಗವಸಿನ ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ, ಪೂರ್ತಿ ಒಣಗಿದ್ದರೆ ಮಾತ್ರ ಹಾಕುತ್ತಿದ್ದೆ. ಹತ್ತು ಹನ್ನೆರಡು ದಿನಕ್ಕೊಮ್ಮೆ.

ನನಗೆ ನಿದ್ದೆ ಇರಲಿಲ್ಲ. ಕಣ್ಣು ಹತ್ತಿದರೆ ಬೆಳ್ಳುಳ್ಳಿಯ ವಾಸನೆ ಬಂದು ಎಚ್ಚರವಾಗುತ್ತಿತ್ತು. ಎದ್ದು ಕೈ ತೊಳೆದು ಮತ್ತೆ ಮಲಗುತ್ತಿದ್ದೆ. ಅಡುಗೆಯಲ್ಲಿ ಬೆಳ್ಳುಳ್ಳಿ ಬಿಟ್ಟೆ.

ಯಂತ್ರಕ್ಕೆ ಜೋಡಿಸಿದ ಐದನೆಯ ದಿನ ಆಯಿಯ ನಳಿಗೆ ತೆಗೆದರು. ನಾನು ತಪ್ಪು ಒಪ್ಪಿಕೊಂಡ ಹನ್ನೊಂದನೆಯ ದಿನ ಮಾಲಕರೇ ಫೋನ್ ಮಾಡಿದರು. "ಅವ್ವ ನಿಮ್ಮನ್ನ ಕೇಳಾಕತ್ತಾಳ್ರಿ" ಎಂದಷ್ಟೇ ಹೇಳಿದರು.

ಆಯಿ ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ವೈನಿಯೂ ಅವರ ತಮ್ಮನೂ ಪಕ್ಕದಲ್ಲಿದ್ದರು. ಆಯಿಯ ದನಿ ಗೊಗ್ಗರಾಗಿತ್ತು. ನಾನು ಕೂರುವ ಮೊದಲೇ ಹೇಳಿಬಿಟ್ಟೆ: "ಆಯಿ, ಮಣ್ಣಾಗ ಹುಳ ಇರಲಿಲ್ರಿ."

"ಗೊತ್ತಾತು, ಎಲ್ಲಾ ಹೇಳ್ಯಾರ" ಎಂದರು. "ಹುಳ ನಿನ್ನ ಬಾಯಾಗ ಇತ್ತು."

ವೈನಿ "ಆಯಿ!" ಎಂದು ತಡೆದರು.

"ಯಾಕ, ಸುಳ್ಳ ಹೇಳಿದ್ನೇನು? ಆಕಿ ನೋಡದ ಹೇಳಿದ್ಲು, ಇಂವ ಕೇಳದ ತಂದ, ನಾ ತೊಳೀದ ತಿಂದೆ. ಮೂರೂ ಮಂದಿ ಶಾಣ್ಯಾರ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಆ ಮನಿ ಅಳಿಯ ಇದ್ದಾನೋ, ಹೋದನೋ?"

"ಒಂದು ಗೇಣು ಹಸಿರು ಐತ್ರಿ."

"ನನಗೂ ಹಂಗ ಅಂತಿದ್ರಂತ. ಬಿಡಬ್ಯಾಡ ಅದನ್ನ."

ಆಯಿ ಮನೆಗೆ ಬಂದ ಮೇಲೆ ಹಂಡೆಯ ಪ್ರಶ್ನೆ ಎದ್ದಿತು. ಎಷ್ಟು ತೊಳೆದರೂ ಅದರಲ್ಲಿ ಇನ್ನು ನೀರು ಕಾಯಿಸುವಂತಿಲ್ಲ ಎಂದೆ. ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ, ಹಾಕಿದರೆ ಇನ್ಯಾರೋ ಒಯ್ದು ಒಲೆಯ ಮೇಲೆ ಇಡುತ್ತಾರೆ, ತಳಕ್ಕೆ ತೂತು ಹೊಡೆಯಬೇಕು ಎಂದೆ. ಅದು ಅವರ ಲಗ್ನದಲ್ಲಿ ತವರಿನವರು ಕೊಟ್ಟ ಹಂಡೆ. ಮೊಮ್ಮಕ್ಕಳ ಮೊದಲ ಎರೆನೀರೂ ಅದರಲ್ಲೇ ಕಾದಿತ್ತು. ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ.

ಆಯಿ ಹಂಡೆಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದರು, ಕೂಡಲೇ ಹೋಗಿ ಕೈ ತೊಳೆದುಕೊಂಡು ಬಂದರು. "ಒಂದು ತೂತು ಸಾಲೂದಿಲ್ಲ. ಮಂದಿ ಬೆಸಿಗಿ ಹಾಕಿಸ್ಕೊಂಡು ಬಿಡತಾರ. ಐದು ಹೊಡಸು" ಎಂದರು. ಐದು ಹೊಡೆಸಿದೆವು.

ಎರಡೂವರೆ ತಿಂಗಳಾದ ಮೇಲೆ, ಮೊದಲ ಮಳೆ ಬಿದ್ದ ವಾರ, ಆ ಒಂದು ಗೇಣಿನ ಹಸಿರಿನಲ್ಲಿ ತೊಗಟೆ ಸೀಳಿ ಎರಡು ಮೊಗ್ಗು ಕಂಡವು. ಸಾಸಿವೆಯಷ್ಟು, ಬೂದಿ ಬಣ್ಣದವು. ನಾನು ಯಾರಿಗೂ ಹೇಳಲಿಲ್ಲ. ನಾಲ್ಕು ಎಲೆಯಾಗಿ, ಎಂಟಾಗಿ, ಗೇಣುದ್ದದ ಎರಡು ಹೊಸ ಚಿಗುರು ನಿಂತು, ಇನ್ನು ಮುಟ್ಟಬಹುದು ಎಂದು ಕೃಷಿ ಅಧಿಕಾರಿ ಹೇಳಿದ ಮೇಲೆಯೇ ಬನಹಟ್ಟಿಗೆ ಒಯ್ದೆ. ಆ ಖೋಲಿಯೊಳಗಲ್ಲ, ದಿನವಿಡೀ ಬಿಸಿಲು ಬೀಳುವ ಅಂಗಳದ ಮೂಲೆಯಲ್ಲಿ ಇಟ್ಟೆ. ಅಂದೂ ನನಗೆ ನಿದ್ದೆ ಬರಲಿಲ್ಲ.

ಶ್ರಾವಣದ ಒಂದು ಗುರುವಾರ, ಬೆಳಿಗ್ಗೆ ಆಯಿ ಫೋನ್ ಮಾಡಿದರು.

"ಎರಡು ಎಲಿ ಹಳದಿ ಆಗ್ಯಾವು. ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ ಆಯಿ. ನಾ ಬರಾಕತ್ತೇನಿ."

"ಏನಾಗೈತಿ ಅಂತರ ಹೇಳ ಬೇ."

"ನೋಡದ ಹೇಳಂಗಿಲ್ರಿ."

ಕೈಯಲ್ಲಿದ್ದ ಕೆಲಸ ಬಿಟ್ಟು ಬಸ್ ಹತ್ತಿದೆ. ಆಯಿ ಅಂಗಳದಲ್ಲಿ ರಾಟೆ ಹಾಕಿಕೊಂಡು ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಕುಂಡದ ಹತ್ತಿರ ಹೋದೆ. ಬೆರಳು ಮಣ್ಣಿಗೆ ಇಳಿಸಿದೆ, ಒಣಗಿತ್ತು. ಕುಂಡವನ್ನು ವಾಲಿಸಿ ತಳದ ತೂತು ನೋಡಿದೆ, ತೆರೆದಿತ್ತು, ಒಂದು ಬಿಳಿ ಬೇರಿನ ತುದಿ ಅದರಲ್ಲಿ ಇಣುಕುತ್ತಿತ್ತು. ಚಿಗುರಿನ ತುದಿ ನೋಡಿದೆ, ಎಲೆಗಳ ಹಿಂಬದಿ ನೋಡಿದೆ. ಹಳದಿಯಾದವು ತೀರಾ ಕೆಳಗಿನ ಎರಡೇ ಎಲೆ, ಮೊಟ್ಟಮೊದಲು ಬಂದವು.

"ಹಳೇ ಎಲಿ ಅದಾವ್ರಿ. ಅವುಗಳ ದಿನ ಮುಗದೈತಿ. ಉದರ್ಲಿ ಬಿಡ್ರಿ."

"ಇಷ್ಟ ಹೇಳಾಕ ಜಮಖಂಡಿಂದ ಬಂದಿ? ಮಂದಿ ನಗತಾರ."

"ನಗಲಿ ಬಿಡ್ರಿ."

ಆಯಿ ತಂಬಾಕಿನ ಚೀಲ ತೆಗೆದವರು, ನನ್ನ ಮುಖ ನೋಡಿ, ಎದ್ದು ನಲ್ಲಿಯ ಹತ್ತಿರ ಹೋದರು. ಸಾಬೂನು ಹಚ್ಚಿ ಕೈ ತೊಳೆದರು. ನಾನು ನೋಡುತ್ತಿದ್ದೇನೆಂದು ತಿಳಿದು ಇನ್ನೊಮ್ಮೆ ಹಚ್ಚಿ, ಉಗುರಿನ ಸಂದು ತಿಕ್ಕಿ ತೊಳೆದರು. ಎರಡೂ ಅಂಗೈಯನ್ನು ನನ್ನ ಕಡೆ ಎತ್ತಿ ತೋರಿಸಿ, "ಆತು?" ಎಂದರು.

ಸಂಜೆ ಮನೆಗೆ ಬಂದು ಉಂಡು ಮಲಗಿದೆ. ಕಣ್ಣು ತೆರೆದಾಗ ಹಾಲಿನವರು ಎರಡನೆಯ ಸಲ ಬಾಗಿಲು ತಟ್ಟುತ್ತಿದ್ದರು, ಕಿಟಕಿಯ ತುಂಬ ಬೆಳಕಿತ್ತು.